ಹಿತ್ತಲಿನ ಹಗ್ಗ

ಆ ಹಾಯಿಹಡಗಿಗೆ ಬಂದರಿನವರು ಇಟ್ಟ ಅಡ್ಡಹೆಸರು ದೊಡ್ಡಮ್ಮ. ಎರಡು ಕಂಬದ ಭಾರಿ ಯಾಟ್ ಅದು, ಓಟದ ಪಂದ್ಯಗಳಿಗೆಂದೇ ಕಟ್ಟಿದ್ದು. ಮುಂದಿನ ಕಂಬ ಎಂಟು ಮಹಡಿಯ ಎತ್ತರ, ಹಿಂದಿನದು ಅದರ ಮುಕ್ಕಾಲು ಪಾಲು. ಓಡಿಸಲು ಹದಿನಾಲ್ಕು ಜನ ಬೇಕು. ಆ ಹದಿನಾಲ್ಕು ಹೊಟ್ಟೆಗೆ ಬೇಯಿಸಿ ಹಾಕಲು ಒಬ್ಬಳು. ಮೈ ಭಾರವಾದ್ದರಿಂದ ತಿರುಗಲು ಅದಕ್ಕೆ ಹೊತ್ತು ಹಿಡಿಯುತ್ತಿತ್ತು. ಆದರೆ ಒಮ್ಮೆ ಗಾಳಿ ಹಿಡಿದು ನಡೆಯತೊಡಗಿತೆಂದರೆ ಸಣ್ಣಪುಟ್ಟ ದೋಣಿಗಳೆಲ್ಲ ಅದರ ಬೆನ್ನು ನೋಡುತ್ತ ಕೂರಬೇಕಿತ್ತು.

ಓಟದ ಗದ್ದಲದಲ್ಲಿ ಹೆಸರು ಹಿಡಿದು ಕರೆಯಲು ಯಾರಿಗೂ ಪುರುಸೊತ್ತಿರುವುದಿಲ್ಲ. ಹಾಗಾಗಿ ದೊಡ್ಡಮ್ಮನ ಮೇಲೆ ಯಾರು ಎಲ್ಲಿ ನಿಲ್ಲುತ್ತಾರೋ ಆ ಜಾಗವೇ ಅವರ ಹೆಸರು. ಹಡಗಿನ ಮೂತಿಯ ಹತ್ತಿರ ನಿಲ್ಲುವವನು ಜಗಲಿ. ದೊಡ್ಡ ಕಂಬದ ಬುಡದವನು ನಡುಮನೆ. ಹಿಂದಿನ ಕಂಬದ ಹಾಯಿಯನ್ನು ನೋಡಿಕೊಳ್ಳುವವನು ಹಿತ್ತಲು. ಅಡುಗೆಯವಳ ಗಂಡ ಹತ್ತೊಂಬತ್ತು ವರ್ಷ ಹಿತ್ತಲಾಗಿದ್ದ. ಅವರು ವಾಸವಿದ್ದದ್ದು ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ. ಬಟ್ಟೆ ಒಣಗಿಸಲು ಜಾಗವಿಲ್ಲ ಎಂದು ಅಕ್ಕಪಕ್ಕದ ಹೆಂಗಸರು ಗೊಣಗಿದಾಗೆಲ್ಲ ಅವಳು, ನಿಮಗಿಲ್ಲದ ಹಿತ್ತಲು ನನಗಿದೆ, ಆದರೆ ಅದು ವರ್ಷದಲ್ಲಿ ಆರು ತಿಂಗಳು ಮನೆಗೇ ಬರುವುದಿಲ್ಲ ಎಂದು ನಗಿಸುತ್ತಿದ್ದಳು. ಅವನ ಜೊತೆ ಇರಬೇಕೆಂದರೆ ಹಡಗು ಹತ್ತುವುದೊಂದೇ ದಾರಿ ಎಂದು ಮದುವೆಯಾದ ಮೂರನೆಯ ವರ್ಷವೇ ಅವಳಿಗೆ ಖಾತ್ರಿಯಾಗಿತ್ತು. ಹಡಗಿನ ಕ್ಯಾಪ್ಟನ್ ಅವಳ ಸ್ವಂತ ಅಣ್ಣ. ಕೇಳಿದ್ದೇ ತಡ, ಅಡುಗೆಮನೆಯ ಬೀಗದ ಕೈ ಅವಳ ಸೊಂಟಕ್ಕೆ ಬಂತು.

ಗಂಡ ಸತ್ತು ನಾಲ್ಕು ತಿಂಗಳಾಗಿತ್ತು. ಕಡಲಿನಲ್ಲಲ್ಲ, ಮನೆಯ ಮೆಟ್ಟಿಲ ಮೇಲೆ. ಅಂಗಡಿಯಿಂದ ಆಲೂಗಡ್ಡೆಯ ಮೂಟೆ ತರಲು ಅವಳೇ ಕಳಿಸಿದ್ದಳು. ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಬಾಗಿಲಿಗೆ ಬಂದು ಬಗ್ಗಿ ನೋಡಿದರೆ ಎರಡನೇ ಮಹಡಿಯ ತಿರುವಿನಲ್ಲಿ ಮೂಟೆಯನ್ನು ಪಕ್ಕಕ್ಕಿಟ್ಟು ಕೂತಿದ್ದ. ಮೇಲಿನಿಂದ ಅವನ ನೆತ್ತಿಯಷ್ಟೇ ಕಾಣುತ್ತಿತ್ತು. ಆ ವರ್ಷವೆಲ್ಲ ಅವನದು ಅದೇ ಚಾಳಿ. ಹತ್ತು ಮೆಟ್ಟಿಲು ಹತ್ತಿದರೆ ಕೂರುವುದು, ಅಂಗಡಿ ಕಟ್ಟೆ ಕಂಡರೆ ಕೂರುವುದು. ಅವಳಿಗೆ ರೇಗಿತ್ತು. "ಮೆಟ್ಟಿಲು ಎಣಿಸ್ತಾ ಕೂತಿದ್ದೀರಾ? ಒಲೆ ಮೇಲೆ ನೀರು ಕುದ್ದು ಆರ್ತಾ ಇದೆ" ಎಂದು ಕೂಗಿ ಒಳಗೆ ಹೋಗಿದ್ದಳು. ಮತ್ತೂ ಸ್ವಲ್ಪ ಹೊತ್ತು ನೋಡಿ, ಇನ್ನೆರಡು ಮಾತು ಬೈಯಬೇಕೆಂದು ಸಿದ್ಧವಾಗಿಯೇ ಇಳಿದು ಹೋದಳು. ಅವನು ಗೋಡೆಗೆ ಒರಗಿದ್ದ. ಎದೆ ಹಠಾತ್ತಾಗಿ ನಿಂತಿತು, ಯಾರೂ ಏನೂ ಮಾಡುವ ಹಾಗಿರಲಿಲ್ಲ ಎಂದರು ಆಸ್ಪತ್ರೆಯವರು. ಅಷ್ಟೊಂದು ದುಃಖದಲ್ಲೂ ಅವಳು ಹಿಡಿದುಕೊಂಡು ನಿಂತದ್ದು ಆ ಒಂದು ಮಾತನ್ನೇ. ಯಾರೂ ಏನೂ ಮಾಡುವ ಹಾಗಿರಲಿಲ್ಲ.

ಈ ಸಲ ನೀನು ಬರಬೇಡ, ಮನೆಯಲ್ಲಿರು ಎಂದು ಅಣ್ಣ ಎರಡು ಸಲ ಹೇಳಿದ. ಮನೆಯಲ್ಲಿದ್ದು ಯಾವ ಗೋಡೆ ನೋಡಲಿ ಎಂದಳು. ಆಮೇಲೆ ಅವನು ಒತ್ತಾಯಿಸಲಿಲ್ಲ.

ಮೂರು ದಿನದ ಓಟ. ಬಂದರಿನಿಂದ ಹೊರಟು, ದೂರದ ದೀಪಸ್ತಂಭದ ನಡುಗಡ್ಡೆಯನ್ನು ಸುತ್ತು ಹಾಕಿ ವಾಪಸು ಬರಬೇಕು. ಓಟ ನಡೆಯುವಾಗ ಅಡುಗೆಯವಳು ಮೇಲೆ ಹೋಗುವಂತಿಲ್ಲ. ಹೋದರೆ ಹಗ್ಗಗಳ ನಡುವೆ ಕಾಲಿಗೆ ಅಡ್ಡ. ಹಾಗಾಗಿ ಹದಿನಾರು ವರ್ಷದ ಓಟಗಳನ್ನೆಲ್ಲ ಅವಳು ಕೆಳಗಿನಿಂದ ಕಿವಿಯಲ್ಲೇ ಕಂಡಿದ್ದಳು. ತೂಗುವ ಒಲೆ ಯಾವ ಕಡೆಗೆ ವಾಲಿತು, ಹಲಗೆಯ ಆಚೆ ನೀರು ಎಷ್ಟು ಜೋರಾಗಿ ಉಜ್ಜಿಕೊಂಡು ಹೋಗುತ್ತಿದೆ, ತಲೆಯ ಮೇಲೆ ಎಷ್ಟು ಕಾಲುಗಳು ಓಡಿದವು, ಇಷ್ಟು ಸಾಕಿತ್ತು ಅವಳಿಗೆ. ಅಡುಗೆಮನೆಯ ಸೂರಿನಲ್ಲಿ ಗಾಳಿಗೆಂದು ಒಂದು ಗಿಂಡಿಯಗಲದ ಕಿಂಡಿ. ಅದು ತೆರೆಯುತ್ತಿದ್ದದ್ದು ಸರಿಯಾಗಿ ಹಿಂದಿನ ಕಂಬದ ಪಕ್ಕಕ್ಕೆ. ಅಣ್ಣ ಚುಕ್ಕಾಣಿಯಿಂದ "ಹಿತ್ತಲು, ಎಳಿ" ಎನ್ನುವುದು, ಗಂಡ "ಎಳೆದೆ" ಎನ್ನುವುದು, ಎರಡೂ ಪಕ್ಕದ ಕೋಣೆಯ ಮಾತಿನಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು.

ಓಟ ಶುರುವಾದ ಬೆಳಿಗ್ಗೆ ಅವಳು ಒಲೆಗೆ ಸೊಂಟದ ಪಟ್ಟಿ ಬಿಗಿದುಕೊಂಡು ಗಂಜಿ ತಿರುವುತ್ತಿದ್ದಳು. ತೋಪಿನ ಸದ್ದು ಕೇಳಿತು. ಹಿಂದೆಯೇ ಅಣ್ಣನ ದನಿ: "ಹಿತ್ತಲು, ಎಳಿ."

"ಎಳೆದೆ" ಎಂದಿತು ಒಂದು ಹೊಸ ದನಿ.

ಸೌಟು ಕೈಯಲ್ಲೇ ನಿಂತಿತು. ಜಾಗಕ್ಕೆ ಬಂದವನಿಗೆ ಜಾಗದ ಹೆಸರು, ಅದು ಹಡಗಿನ ರೂಢಿ ಎಂದು ಅವಳಿಗೆ ಗೊತ್ತಿಲ್ಲದೆ ಏನು. ಆದರೂ ಆ ಹೆಸರು ತನ್ನ ಗಂಡನ ಜೊತೆಗೇ ಹೋಯಿತೆಂದು ಅವಳು ಹೇಗೋ ನಂಬಿಬಿಟ್ಟಿದ್ದಳು. ಗಂಜಿ ತಳ ಹಿಡಿಯಿತು. ಆ ಹೊತ್ತಿನಿಂದ ಆ ಹೊಸಬನನ್ನು ಕಂಡರೆ ಅವಳಿಗೆ ಆಗಲಿಲ್ಲ.

ಅವನೋ ಮೂವತ್ತು ದಾಟಿದ ಆಸಾಮಿ. ಮೆತ್ತಗಿನ ಮಾತು; ತಟ್ಟೆ ಹಿಡಿದು ಬಂದರೆ ಬಾಗಿಲ ಹೊರಗೇ ನಿಲ್ಲುವವನು. ಅವಳು ಅವನಿಗೆ ಎಲ್ಲರ ಕೊನೆಗೆ ಬಡಿಸಿದಳು. ತಳ ಹಿಡಿದ ಗಂಜಿ ಅವನ ತಟ್ಟೆಗೇ ಹೋಯಿತು. ಅವನು ಅದನ್ನೇ ತಿಂದು, ಚೆನ್ನಾಗಿದೆ ಅಕ್ಕ ಎಂದ. ಅದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು. ಎದುರು ಮಾತಾಡಿದ್ದರೆ ಬೈದು ಹಗುರವಾಗಬಹುದಿತ್ತು.

ಎರಡನೆಯ ದಿನ ಬೆಳಿಗ್ಗೆ ದೊಡ್ಡಮ್ಮ ನಡುಗಡ್ಡೆಯನ್ನು ಎಲ್ಲರಿಗಿಂತ ಮೊದಲು ಸುತ್ತಿತು. ಹೋದ ವರ್ಷ ಗೆದ್ದ ಓಟವೂ ಇದೇ. ಬೆನ್ನ ಹಿಂದೆ ಒಂದು ಬಿಳಿ ಹಡಗು ಮಾತ್ರ ಅಂಟಿಕೊಂಡು ಬರುತ್ತಿತ್ತು. ಮೇಲೆ ಯಾರೋ ಸಿಳ್ಳೆ ಹಾಕುತ್ತಿದ್ದರು. ಮಧ್ಯಾಹ್ನದ ಅನ್ನಕ್ಕೆ ಅವಳು ನೀರಿಡುವ ಹೊತ್ತಿಗೆ ಬೆಳಕು ಒಮ್ಮೆಲೇ ಮಂಕಾಯಿತು. ಒಲೆ ಒಂದೇ ಸಮನೆ ಎಡಕ್ಕೆ ತೂಗಿ ಹಾಗೇ ನಿಂತುಬಿಟ್ಟಿತು. ಬಿರುಗಾಳಿ ಪಕ್ಕದಿಂದ ಬಂದು ಅಪ್ಪಳಿಸಿತ್ತು.

ಅಂಥ ಹೊತ್ತಿನಲ್ಲಿ ಮೊದಲು ಸಡಿಲಾಗಬೇಕಾದದ್ದು ಹಿಂದಿನ ಹಾಯಿ. ಅದು ಬಿಗಿಯಾಗಿಯೇ ಇದ್ದರೆ ಗಾಳಿ ಹಡಗಿನ ಹಿಂಬದಿಯನ್ನು ತಳ್ಳಿಕೊಂಡು ಹೋಗಿ ಮೂತಿಯನ್ನು ತನ್ನ ಕಡೆಗೇ ತಿರುಗಿಸಿಕೊಳ್ಳುತ್ತದೆ. ಚುಕ್ಕಾಣಿ ಎಷ್ಟು ತಿರುವಿದರೂ ಮಾತು ಕೇಳುವುದಿಲ್ಲ. "ಹಿತ್ತಲು, ಬಿಡು" ಎಂದ ಅಣ್ಣ. ಉತ್ತರವಿಲ್ಲ. "ಬಿಡು" ಎಂದ ಮತ್ತೆ. ಪಾತ್ರೆಗಳೆಲ್ಲ ಕಪಾಟಿನ ಬಾಗಿಲಿಗೆ ಬಡಿದವು. ಅವಳು ಗೋಡೆಯ ಮೇಲೆ ಕೈಯೂರಿ ನಿಂತಳು. ಅದಾಗಲೇ ಗೋಡೆಯೇ ನೆಲವಾಗುವಷ್ಟು ಹಡಗು ವಾಲಿತ್ತು. ಆಮೇಲೆ ಮೇಲೆ ಒಂದು ಚೀತ್ಕಾರ. ಹಗ್ಗ ಸರ್ರೆಂದು ಓಡಿದ ಸದ್ದು. ದೊಡ್ಡಮ್ಮ ನಿಧಾನವಾಗಿ ಎದ್ದು ನಿಂತಿತು.

ಹಗ್ಗ ಸುತ್ತುವ ಉರುಳೆಯ ಮೇಲೆ ಒಂದು ಸುತ್ತು ಇನ್ನೊಂದರ ಮೇಲೇರಿ ಗಂಟು ಬಿದ್ದಿತ್ತಂತೆ. ಹೊಸಬ ಬೆರಳು ತೂರಿಸಿ ಬಿಡಿಸಿದ್ದ. ಹಗ್ಗವೇನೋ ಬಿಟ್ಟಿತು, ಎರಡು ಬೆರಳು ಜಜ್ಜಿಹೋದವು. ನಡುಮನೆಯವನು ಅವನನ್ನು ಹೆಗಲು ಕೊಟ್ಟು ಕೆಳಗಿಳಿಸಿ, ಅಕ್ಕ, ಸ್ವಲ್ಪ ನೋಡಿ ಎಂದು ಹೇಳಿ ಓಡಿದ. ಔಷಧಿಯ ಪೆಟ್ಟಿಗೆ ಇರುತ್ತಿದ್ದದ್ದು ಅಡುಗೆಮನೆಯಲ್ಲೇ.

ಅವಳು ಅವನನ್ನು ಹಿಟ್ಟಿನ ಡಬ್ಬದ ಮೇಲೆ ಕೂರಿಸಿ ರಕ್ತ ತೊಳೆದಳು. ಒಂದು ಉಗುರು ಕಿತ್ತೇ ಹೋಗಿತ್ತು. ಅವನು ತುಟಿ ಕಚ್ಚಿ ಕೂತಿದ್ದ. ಅವಳಿಗೆ ಪಾಪ ಅನ್ನಿಸಬೇಕಿತ್ತು. ಆದರೆ ಎರಡು ದಿನದಿಂದ ನಾಲಗೆಯ ತುದಿಯಲ್ಲಿದ್ದದ್ದೇ ಹೊರಗೆ ಬಂತು.

"ಅವರಿದ್ದಿದ್ರೆ ಹಗ್ಗ ಸಿಕ್ಕಿಹಾಕ್ಕೊಳ್ತಿರ್ಲಿಲ್ಲ."

"ಹೌದಕ್ಕ" ಎಂದ ಅವನು. "ಹೆದರಿ ನಾಲ್ಕು ಸುತ್ತು ಹಾಕಿಬಿಟ್ಟೆ. ಮೂರೇ ಹಾಕು, ನಾಲ್ಕನೇದು ಪುಕ್ಕಲು ಸುತ್ತು ಅಂತ ಎಷ್ಟು ಸಲ ಹೇಳಿದ್ರು ಅವರು."

"ಯಾರು?"

"ನಿಮ್ಮೋರೇ. ನನಗೆ ಕಲಿಸಿದ್ದು ಅವರೇ ಅಲ್ವಾ."

ಹೋದ ವರ್ಷದ ಓಟ ಮುಗಿದ ಮೇಲೆ, ಗುರುವಾರ ಗುರುವಾರ, ಹಾಯಿ ಹೊಲಿಯುವ ಶೆಡ್ಡಿನ ಹಿಂದೆ ನಿಲ್ಲಿಸಿದ್ದ ಹಳೆಯ ಕಂಬವೊಂದಕ್ಕೆ ಹಗ್ಗ ಕಟ್ಟಿ ಕಲಿಸಿದರು ಎಂದು ಅವನು ಹೇಳಿದ. ಹನ್ನೊಂದು ಗುರುವಾರ. ನೋವು ಮರೆಯಲೆಂದೋ ಏನೋ, ಎರಡು ದಿನದಲ್ಲಿ ಆಡದಷ್ಟು ಮಾತನ್ನು ಅವನು ಆಗ ಆಡಿದ. ಗುರುವಾರಗಳು ಅವಳಿಗೆ ನೆನಪಿದ್ದವು. ಬಂದರಿನಲ್ಲಿ ಹರಟೆ ಹೊಡೆದು ಬರುತ್ತೀರಿ, ಮನೆಗೆ ಬಂದು ಸುಸ್ತು ಅನ್ನುತ್ತೀರಿ ಎಂದು ಆ ಗುರುವಾರಗಳ ಸಂಜೆ ಅವಳು ಪಾತ್ರೆ ಕುಕ್ಕುತ್ತಿದ್ದಳು.

"ನಿಮಗೆ ಗೊತ್ತಿರೋದೇ ಅಲ್ವಾ ಅಕ್ಕ" ಎಂದ ಅವನು. "ಡಾಕ್ಟ್ರು ಹೆಚ್ಚಂದ್ರೆ ಇನ್ನೊಂದು ವರ್ಷ ಅಂದಿದ್ರಂತೆ. ಅಷ್ಟರಲ್ಲಿ ಒಬ್ಬನನ್ನ ತಯಾರು ಮಾಡ್ಬೇಕು ಅಂತ ಅವರಿಗೆ ಒಂದೇ ಚಿಂತೆ."

ಆಮೇಲೆ ಅವನು ತಲೆಯೆತ್ತಿ ಅವಳ ಮುಖ ನೋಡಿದ. ಬಾಯಿಂದ ಬಿದ್ದದ್ದನ್ನು ವಾಪಸು ತೆಗೆದುಕೊಳ್ಳಲು ಹೇಗಾದರೂ ಸಾಧ್ಯವೇ ಎಂದು ಅವನ ಕಣ್ಣುಗಳು ಅತ್ತಿತ್ತ ಹುಡುಕಿದವು.

ಅವಳು ಅಳಲಿಲ್ಲ. ಬಟ್ಟೆ ಸುತ್ತಿದಳು, ಗಂಟು ಹಾಕಿದಳು, ಕೈ ಮೇಲಕ್ಕೆ ಹಿಡ್ಕೊ ಎಂದಳು. ಒಲೆ ಆರಿಸಿದಳು. ಸೊಂಟದ ಪಟ್ಟಿ ಬಿಚ್ಚಿ, ಗೂಟದಲ್ಲಿದ್ದ ಮಳೆಕೋಟು ಹಾಕಿಕೊಂಡು ಏಣಿ ಹತ್ತಿದಳು.

ಮೇಲೆ ಮಳೆ ನಿಂತಿತ್ತು, ಗಾಳಿ ಹದಕ್ಕೆ ಬಂದಿತ್ತು. ಹಿಂದಿನ ಹಾಯಿಯ ಹಗ್ಗವನ್ನು ಸದ್ಯಕ್ಕೆ ಒಂದು ಗೂಟಕ್ಕೆ ಕಟ್ಟಿ ಬಿಟ್ಟಿದ್ದರು. ಎಲ್ಲರೂ ಮುಂದಿನ ಕೆಲಸದಲ್ಲಿದ್ದರು. ಅಣ್ಣ ಚುಕ್ಕಾಣಿಯ ಚಕ್ರ ಹಿಡಿದು ನಿಂತಿದ್ದ. ತಂಗಿಯನ್ನು ಕಂಡು, ಇಲ್ಲೇನು, ಕೆಳಗೆ ಹೋಗು ಎಂದ. ಹಿತ್ತಲಲ್ಲಿ ಯಾರೂ ಇಲ್ಲವಲ್ಲ ಎಂದಳು ಅವಳು. ಸುರಕ್ಷೆಯ ಕೊಂಡಿಯನ್ನು ಸರಳಿಗೆ ಸಿಕ್ಕಿಸಿ, ಹಗ್ಗ ಬಿಚ್ಚಿ, ಉರುಳೆಗೆ ಮೂರು ಸುತ್ತು ಹಾಕಿ ಕೂತಳು. ಚಿಕ್ಕಂದಿನಲ್ಲಿ ಅಪ್ಪನ ಪುಟ್ಟ ದೋಣಿಯಲ್ಲಿ ಅಣ್ಣ ಚುಕ್ಕಾಣಿ, ಅವಳು ಹಗ್ಗ. ಕೈಗೆ ಅದು ಮರೆತಿರಲಿಲ್ಲ. ಅಣ್ಣ ಅವಳ ಮುಖ ನೋಡಿ ಮತ್ತೆ ಚಕ್ರದತ್ತ ತಿರುಗಿದ.

ಇಬ್ಬರ ನಡುವೆ ಎರಡು ಮಾರು ದೂರವಿರಲಿಲ್ಲ.

"ಅಣ್ಣ, ನಿನಗೆ ಗೊತ್ತಿತ್ತಾ?"

ಅವನು ಹಾಯಿ ನೋಡುತ್ತಿದ್ದ. "ಸ್ವಲ್ಪ ಬಿಡು" ಎಂದ. ಅವಳು ಒಂದು ಗೇಣು ಬಿಟ್ಟಳು. "ಗೊತ್ತಿತ್ತು" ಎಂದ.

ಎಷ್ಟು ದಿನದಿಂದ ಎಂದು ಅವಳು ಕೇಳಿದಳು. ಹೋದ ವರ್ಷದ ಓಟಕ್ಕೆ ಮೂರು ವಾರ ಮುಂಚೆ ಅವನೇ ಬಂದು ಹೇಳಿದ ಎಂದ ಅಣ್ಣ. ಮಾತ್ರೆಗಳೆಲ್ಲ ತನ್ನ ಕೋಣೆಯಲ್ಲೇ ಇರುತ್ತಿದ್ದವು, ದಿನಾ ಬಂದು ನುಂಗಿ ಹೋಗುತ್ತಿದ್ದ. ಯಾರಿಗೂ ಹೇಳಬೇಡ, ನಿನ್ನ ತಂಗಿಗಂತೂ ಬೇಡವೇ ಬೇಡ ಎಂದು ಆಣೆ ಹಾಕಿಸಿಕೊಂಡಿದ್ದ.

"ನೀನು ಹಾಕಿದೆ."

"ಹಾಕಿದೆ." ಅವನು ಚಕ್ರ ತಿರುವಿದ. "ಆಣೆಯೊಂದೇ ಅಂತ ಸುಳ್ಳು ಹೇಳಲ್ಲ, ತಂಗಿ. ನಿನಗೆ ಗೊತ್ತಾಗಿದ್ರೆ ಅವನನ್ನ ಹಡಗು ಹತ್ತೋಕೆ ಬಿಡ್ತಿರ್ಲಿಲ್ಲ. ಅವನಿಲ್ದೇ ಗೆಲ್ಲೋಕಾಗ್ತಿರ್ಲಿಲ್ಲ. ನನಗೂ ಅವನು ಬೇಕಾಗಿತ್ತು."

ಗೆದ್ದದ್ದು ಹೌದು. ಬಹುಮಾನದ ಬಟ್ಟಲು ಹಿಡಿದು ನಿಂತ ಫೋಟೋದಲ್ಲಿ ಗಂಡ ಒಂದು ಕೈಯಲ್ಲಿ ಕಂಬ ಹಿಡಿದಿದ್ದ. ಗತ್ತಿಗೆ ಹಾಗೆ ನಿಂತಿದ್ದಾನೆ ಎಂದು ಅವಳು ಆಗ ಆಡಿಕೊಂಡಿದ್ದಳು.

ಬಿಳಿ ಹಡಗು ಬೆನ್ನ ಹಿಂದೆ ದೊಡ್ಡದಾಗುತ್ತ ಬರುತ್ತಿತ್ತು. ಬಿರುಗಾಳಿಯಲ್ಲಿ ದೊಡ್ಡಮ್ಮ ಕಳೆದುಕೊಂಡ ಹೊತ್ತನ್ನು ಅದು ನುಂಗಿಕೊಂಡಿತ್ತು.

"ಗೊತ್ತಿದ್ದಿದ್ರೆ ಆ ಮೂಟೆ ನಾನೇ ಹೊರ್ತಿದ್ದೆ, ಅಣ್ಣ" ಎಂದಳು ಅವಳು.

ಜೋರಾಗಿ ಹೇಳಲಿಲ್ಲ. ಚುಚ್ಚಬೇಕೆಂದೂ ಹೇಳಲಿಲ್ಲ. ನಾಲ್ಕು ತಿಂಗಳಿಂದ ಹಿಡಿದು ನಿಂತಿದ್ದ ಆ ಒಂದು ಮಾತು, ಯಾರೂ ಏನೂ ಮಾಡುವ ಹಾಗಿರಲಿಲ್ಲ ಎಂಬುದು, ಕೈಯಿಂದ ಜಾರಿ ಹೋಗಿತ್ತು. ಅಣ್ಣನ ಕೈ ಚಕ್ರದ ಮೇಲೆ ನಿಂತುಬಿಟ್ಟಿತು. ಐವತ್ತು ವರ್ಷದ ಕಡಲು ಕಂಡ ಮನುಷ್ಯ ಅವನು; ಹಡಗಿನ ಮೂತಿ ಗಾಳಿಗೆ ತಿರುಗುತ್ತಿರುವುದು ಅವನಿಗೆ ತಿಳಿಯಲಿಲ್ಲ. ಮೇಲೆ ಹಾಯಿ ಪಟಪಟ ಹೊಡೆದುಕೊಂಡಿತು. ಮುಂದಿನಿಂದ ಜಗಲಿಯವನು ತಿರುಗಿ ನೋಡಿದ.

"ಚುಕ್ಕಾಣಿ ನೋಡು" ಎಂದಳು ಅವಳು.

ಅವನು ನೋಡಿಕೊಂಡ. ಆಮೇಲೆ ಅವನು ಎಳಿ ಎಂದಾಗ ಎಳೆದಳು, ಬಿಡು ಎಂದಾಗ ಬಿಟ್ಟಳು. ಕತ್ತಲಾಗುವವರೆಗೆ ಆ ಎರಡು ಮಾತು ಬಿಟ್ಟು ಮೂರನೆಯದು ಅವರ ನಡುವೆ ಹುಟ್ಟಲಿಲ್ಲ. ಕತ್ತಲಾದಾಗ ಅವಳು ಕೆಳಗಿಳಿದು ಹದಿನಾಲ್ಕು ಜನಕ್ಕೂ ಅನ್ನ ಬೇಯಿಸಿದಳು. ಉಪ್ಪು ಎರಡು ಸಲ ಬಿತ್ತು. ಎಲ್ಲರೂ ತಟ್ಟೆ ಖಾಲಿ ಮಾಡಿದರು.

ಮರುದಿನ ಹತ್ತು ಗಂಟೆಯ ಹೊತ್ತಿಗೆ ಬಿಳಿ ಹಡಗು ಅವರಿಗಿಂತ ನಾಲ್ಕು ನಿಮಿಷ ಮೊದಲು ಗುರಿ ಮುಟ್ಟಿತು. ಅಣ್ಣ ತಂಗಿಯ ಮಾತಿನ ಸುದ್ದಿ ಅಷ್ಟರಲ್ಲಿ ಹೇಗೋ ದೊಡ್ಡಮ್ಮನ ಮೂತಿಯಿಂದ ಹಿಂಬದಿಯವರೆಗೆ ಹರಡಿತ್ತು. ಹಡಗು ಕಟ್ಟೆಗೆ ಸೇರಿದ ಮೇಲೆ ಅವಳು ಪಾತ್ರೆಗಳನ್ನು ತಿಕ್ಕಿ ಕಪಾಟಿನಲ್ಲಿಟ್ಟಳು, ಒಲೆ ಒರೆಸಿದಳು, ಬೀಗದ ಕೈಯನ್ನು ಅಣ್ಣನ ಕೋಣೆಯ ಮೇಜಿನ ಮೇಲಿಟ್ಟು ಚೀಲ ಹೆಗಲಿಗೇರಿಸಿಕೊಂಡು ಬಸ್ಸು ಹಿಡಿದಳು.

ನಂತರದ ವಾರ ಆಸ್ಪತ್ರೆಗೆ ಹೋದಳು. ಡಾಕ್ಟರು ಹಳೆಯ ಕಡತ ತೆಗೆದು ನೋಡಿದರು. ಮನೆಯವರನ್ನು ಕರೆದುಕೊಂಡು ಬನ್ನಿ ಎಂದು ಪ್ರತಿ ಸಲವೂ ಹೇಳಿದ್ದೆ, ಅವಳಿಗೆ ಕೆಲಸ ಜಾಸ್ತಿ, ಬಿಡುವಿಲ್ಲ ಅನ್ನುತ್ತಿದ್ದರು ಎಂದರು. ಭಾರ ಎತ್ತಲೇಬಾರದಿತ್ತಾ ಎಂದು ಅವಳು ಕೇಳಿದಳು. ಡಾಕ್ಟರು ಕಡತ ಮುಚ್ಚಿ, ಈಗ ಅದನ್ನೆಲ್ಲ ಯೋಚಿಸಬೇಡಿ ಎಂದರು. ಅವಳಿಗೆ ಉತ್ತರ ಸಿಕ್ಕಿತ್ತು.

ಅಣ್ಣ ಮೂರು ಸಲ ಮನೆಗೆ ಬಂದ. ಒಂದು ಸಲ ಬಾಗಿಲು ತೆಗೆದಳು, ಕೂತ್ಕೋ ಎಂದಳು, ಅವನು ಕಾಫಿ ಕುಡಿದು ಎದ್ದು ಹೋದ. ಉಳಿದೆರಡು ಸಲ ತೆಗೆಯಲಿಲ್ಲ. ಅವನು ಇಳಿದು ಹೋಗುವ ಹೆಜ್ಜೆ ಸದ್ದು ಪೂರ್ತಿ ಅಡಗುವವರೆಗೂ ಬಾಗಿಲ ಈಚೆ ನಿಂತಿದ್ದಳು. ಅವನನ್ನು ಕ್ಷಮಿಸಬಾರದೆಂದೇನೂ ಅವಳಿಗಿರಲಿಲ್ಲ. ಕ್ಷಮಿಸಬೇಕಾದವರ ಸಾಲಿನಲ್ಲಿ ಅವನಿಗಿಂತ ಮುಂದೆ ಅವಳೇ ಇದ್ದಳು, ಅದು ಆಗುತ್ತಿರಲಿಲ್ಲ.

ಒಂದು ತಿಂಗಳಾದ ಮೇಲೆ ಭಾನುವಾರ ಮಧ್ಯಾಹ್ನ ಹೊಸಬ ಬಂದ. ಬೆರಳಿಗೆ ಇನ್ನೂ ಪಟ್ಟಿ ಇತ್ತು. ಹೊಸ್ತಿಲ ಹೊರಗೇ ನಿಂತು, ತನ್ನದು ತಪ್ಪಾಯಿತು, ನಿಮಗೆ ಗೊತ್ತಿದೆ ಅಂದುಕೊಂಡು ಬಾಯಿಬಿಟ್ಟೆ ಎಂದ. ಹೇಳಿ ಮುಗಿಸಿ ಹೊರಟುಬಿಡುವವನ ಹಾಗಿದ್ದ. ಅವಳು ಅವನನ್ನು ಒಳಗೆ ಕರೆದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು.

"ಹೇಳು" ಎಂದಳು. "ಮೊದಲನೇ ಗುರುವಾರದಿಂದ ಹೇಳು. ಏನು ಮಾಡಿದ್ರಿ, ಏನು ಮಾತಾಡಿದ್ರು, ಎಲ್ಲ."

ಅವನು ಹೇಳತೊಡಗಿದ. ಮೊದಲ ದಿನ ಗಂಟು ಕಟ್ಟುವುದನ್ನಷ್ಟೇ ಕಲಿಸಿದ್ದು. ಎರಡನೆಯ ವಾರ ತಾನು ತಡವಾಗಿ ಹೋಗಿ ಬೈಸಿಕೊಂಡದ್ದು. ಮೂರನೆಯ ವಾರ ಕಣ್ಣಿಗೆ ಬಟ್ಟೆ ಕಟ್ಟಿ, ಕೆನ್ನೆಯಲ್ಲಿ ಗಾಳಿ ನೋಡು ಎಂದದ್ದು. ಅವಳು ನಡುವೆ ತಡೆದು ಕೇಳುತ್ತಿದ್ದಳು. ಆಗ ಯಾವ ಅಂಗಿ ಹಾಕಿದ್ದರು, ನಕ್ಕರಾ, ಕೂತರಾ ನಿಂತರಾ. ಅವನು ನೆನಪಾದಷ್ಟು ಹೇಳಿದ, ನೆನಪಾಗದ್ದಕ್ಕೆ ಇಲ್ಲ ಎಂದ. ಕಟ್ಟಿ ಹೇಳುವವನಲ್ಲ ಎಂದು ಅವಳಿಗೆ ಅಷ್ಟರಲ್ಲಿ ನಂಬಿಕೆ ಬಂದಿತ್ತು.

ಆರನೆಯದೋ ಏಳನೆಯದೋ ಗುರುವಾರಕ್ಕೆ ಬಂದಾಗ ಅವನು ತಡವರಿಸಿದ. ಆವತ್ತು ತಾನೇ ಕೇಳಿದ್ದೆ, ಮನೆಯಲ್ಲಿ ಏನಂತಾರೆ ಎಂದು, ಎಂದ.

"ಏನಂದ್ರು?"

"ಮನೇಲಿ ದಿನಾ ಬೈಸ್ಕೋತೀನಿ ಅಂದ್ರು. ಸೋಮಾರಿ ಅಂತಾಳೆ, ಕೂತಲ್ಲೇ ಕೂರ್ತೀರಿ ಅಂತಾಳೆ. ಅವಳು ಬೈಯೋವಾಗ ನನಗೇನೂ ಆಗಿಲ್ಲ ಅನ್ಸುತ್ತೆ ಕಣೋ, ಗೊತ್ತಾದ್ರೆ ಬೈಯೋದು ನಿಲ್ಲಿಸಿಬಿಡ್ತಾಳೆ, ಆಮೇಲೆ ಆ ಮನೇಲಿ ನಾನು ಹೇಗಿರಲಿ ಅಂದ್ರು."

ಅವಳು ಕಿಟಕಿಯ ಕಡೆ ಮುಖ ಮಾಡಿದಳು. ನಾಲ್ಕು ತಿಂಗಳು, ಅದರ ಮೇಲೊಂದು ತಿಂಗಳು, ತಡೆದಿಟ್ಟುಕೊಂಡದ್ದೆಲ್ಲ ಆಗ ಬಂತು. ಸೆರಗು ಬಾಯಿಗೆ ಒತ್ತಿಕೊಂಡರೂ ಸದ್ದು ನಿಲ್ಲಲಿಲ್ಲ. ಅವನು ಎದ್ದು ಹೋಗಲೂ ಆಗದೆ ಕೂರಲೂ ಆಗದೆ ಕುರ್ಚಿಯ ಅಂಚಿನಲ್ಲೇ ಉಳಿದ. ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಬಹಳ ಹೊತ್ತಿನ ಮೇಲೆ ಅವಳು ಮುಖ ಒರೆಸಿಕೊಂಡು, ಆಮೇಲೆ ಎಂದಳು. ಅವನು ಮುಂದಿನ ಗುರುವಾರಕ್ಕೆ ಹೋದ.

ಬಿಸಿಲು ಗೋಡೆಯಿಂದ ಇಳಿಯುವ ಹೊತ್ತಿಗೆ ಅವನು ಅಷ್ಟೇ ಅಕ್ಕ ಎಂದ. ಅವಳು ಬೆರಳು ಮಡಿಚಿ ಲೆಕ್ಕ ಹಿಡಿದಿದ್ದಳು. ಹತ್ತೇ ಆಯಿತಲ್ಲ ಎಂದಳು.

ಅವನು ಯೋಚಿಸಿದ. ಒಂದು ಗುರುವಾರ ಜೋರು ಮಳೆ, ಏನೂ ಕಲಿಯಲಿಲ್ಲ, ಅದಕ್ಕೇ ಹೇಳಲಿಲ್ಲ ಎಂದ. ಇಬ್ಬರೂ ಶೆಡ್ಡಿನ ಒಳಗೆ ಕೂತಿದ್ದರು. ಅವರಿಗೆ ಹಾಗೇ ನಿದ್ದೆ ಹತ್ತಿತು. ಮಳೆ ನಿಲ್ಲುವವರೆಗೆ ತಾನು ಎಬ್ಬಿಸಲಿಲ್ಲ.

"ಹೇಗೆ ಮಲಗಿದ್ರು?"

"ಮಡಿಚಿಟ್ಟ ಹಾಯಿ ಮೇಲೆ. ಎಡಕ್ಕೆ ಹೊರಳಿ, ಕೈ ಕೆನ್ನೆ ಕೆಳಗೆ ಇಟ್ಕೊಂಡು."

ಅವಳು ತಲೆಯಾಡಿಸಿದಳು. ಹಾಗೇ ಮಲಗುತ್ತಿದ್ದ ಅವನು.